ಅರ ಹಿಡಿದ ಅಪ್ಪಂದಿರು

“ಮೊದಲು ಈ ಕಬ್ಬಿಣಾನ ಮಟ್ಟಸವಾಗಿ ಉಜ್ಜಿ, ಮಾತು ಆಮೇಲೆ” ಎಂದು ಫಿಟ್ಟರ್ ಮೇಷ್ಟ್ರು ನನ್ನ ಕೈಗೆ ಅರ ಕೊಟ್ಟರು. ಕೊಪ್ಪದಲ್ಲಿ ಮಗಳು ಓದುವ ಐಟಿಐಯಲ್ಲಿ ಪಾಲಕರ ಸಭೆ. ಅವಳನ್ನು ಬಿಡಿಸಿ ಪಿಯುಸಿಗೆ ಸೇರಿಸುತ್ತೇನೆಂದು ಹೇಳುವುದಕ್ಕೇ ನಾನು ಕಿಗ್ಗದಿಂದ ಹೋಗಿದ್ದೆ.

ಮೇಜಿಗೆ ಬಿಗಿದ ಇಕ್ಕಳದಂಥ ವೈಸಿಗೆ ಕಚ್ಚಿಸಿದ್ದ ತುಂಡನ್ನು ಬೆವರಿಳಿಯುವ ತನಕ ಉಜ್ಜಿದೆ. ಪಕ್ಕದಲ್ಲಿ ಕೆರೆಕಟ್ಟೆಯಿಂದ ಬಂದ ಇನ್ನೊಬ್ಬ ಅಪ್ಪನೂ ಉಜ್ಜುತ್ತಿದ್ದ. ಮೇಷ್ಟ್ರು ಎರಡೂ ತುಂಡುಗಳ ಮೇಲೆ ಉಕ್ಕಿನ ಸ್ಕೇಲ್ ನಿಲ್ಲಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಎರಡರಲ್ಲೂ ಅಂಚು ಸವೆದು ನಡು ಉಬ್ಬಿ, ಸ್ಕೇಲಿನ ಅಡಿಯಿಂದ ಬೆಳಕು ಇಣುಕುತ್ತಿತ್ತು.

ಮಗಳು ಹತ್ತಿರ ಬಂದಳು. “ಅಪ್ಪ, ನೀನು ಕತ್ತಿ ಮಸೆದ ಹಾಗೆ ಮಸೀತಾ ಇದೀಯ. ಅರ ಮೇಲೆ ಕೆಳಗೆ ತೂಗಬಾರದು, ನೆಟ್ಟಗೆ ಹೋಗ್ಬೇಕು” ಎಂದವಳು ತಾನು ಉಜ್ಜಿದ ತುಂಡಿನ ಮೇಲೆ ಅದೇ ಸ್ಕೇಲ್ ಇಟ್ಟು ತೋರಿಸಿದಳು. ಅಡಿಯಲ್ಲಿ ಬೆಳಕಿನ ಒಂದು ಗೆರೆಯೂ ಕಾಣಲಿಲ್ಲ.

ಹೇಳಲು ಹೋದದ್ದನ್ನು ಹೇಳದೆ ಬಸ್ಸು ಹತ್ತಿದೆ. ಹೆಣ್ಣುಮಗುವಿಗೆ ಯಾಕೆ ಮಾರಾಯ ಕಬ್ಬಿಣದ ಕೆಲಸ ಎಂದು ನೆಂಟರು ಕೇಳಿದರೆ ಈಗ ನಾನು ವಾದಕ್ಕೆ ಇಳಿಯುವುದಿಲ್ಲ. ಒಂದು ಅರ, ಒಂದು ಕಬ್ಬಿಣದ ತುಂಡು ಅವರ ಕೈಗೆ ಕೊಟ್ಟು ಕಾಫಿ ತರಲು ಒಳಗೆ ಹೋಗುತ್ತೇನೆ.