ಡಾಕ್ಟರ್ ಅಂಕಲ್ ಸೈಕಲ್ಲಿಗೆ ಇಳಿಯುವ ಸೀಟು

ಡಾಕ್ಟರ್ ಅಂಕಲ್‌ಗೆ ಅರವತ್ತರಲ್ಲಿ ಹರೆಯ ಮರಳಿದೆ, ಅದಕ್ಕೇ ಹಳೇ ಮೌಂಟನ್ ಬೈಕಿಗೆ ಡ್ರಾಪರ್ ಹಾಕಿಸಿಕೊಂಡಿದ್ದಾರೆ ಅಂತ ಇಂಗ್ಲೆಂಡಿನ ಲೀಡ್ಸಿನ ನಮ್ಮ ಸೈಕಲ್ ಗುಂಪಿನಲ್ಲಿ ಎಲ್ಲರೂ ನಗುತ್ತಾರೆ. ನಾನು ಒಪ್ಪುವುದಿಲ್ಲ. ಹೆಡಿಂಗ್ಲೀ ಬಡಾವಣೆಯ ಅವರ ಹಿತ್ತಲಲ್ಲಿ ಅದನ್ನು ಕೂರಿಸಲು ಜೊತೆಗಿದ್ದವಳು ನಾನು.

ಹ್ಯಾಂಡಲ್ ಮೇಲಿನ ಲಿವರ್ ಒತ್ತಿದರೆ ಸೀಟು ಕೆಳಗಿಳಿಯುತ್ತದೆ, ಅದೇ ಡ್ರಾಪರ್. ಕಡಿದಾದ ಇಳಿಜಾರಲ್ಲಿ ಹಾರುವವರಿಗೆ ಬೇಕಾದದ್ದು. ಹಳೇ ಫ್ರೇಮಿನಲ್ಲಿ ಕೇಬಲ್ ತೂರಿಸಲು ತೂತೇ ಇರಲಿಲ್ಲ, ಹೊರಗಿನಿಂದಲೇ ಪ್ಲಾಸ್ಟಿಕ್ ಪಟ್ಟಿಯಿಂದ ಅದನ್ನು ಬಿಗಿದೆವು.

"ನೀವು ಹೋಗೋದು ಕಾಲುವೆ ಪಕ್ಕದ ಸಮತಟ್ಟು ದಾರೀಲಿ. ಇದ್ಯಾಕೆ ಅಂಕಲ್?" ಎಂದು ವಾದ ಹೂಡಿದೆ.

"ಲಾಯರಮ್ಮಾ, ಸುಮ್ನೆ ಆ ಅಲೆನ್ ಕೀ ಕೊಡು."

ಕೆಲಸ ಮುಗಿದ ಮೇಲೆ ಅವರು ಲಿವರ್ ಒತ್ತಿ, ಅಂಗೈಯಿಂದ ಸೀಟನ್ನು ಪೂರ್ತಿ ಕೆಳಗೆ ತಳ್ಳಿ, ಬೈಕನ್ನು ತಮ್ಮತ್ತ ವಾಲಿಸಿದರು. ಆಮೇಲೆ ಬಲಗಾಲಿನ ಪ್ಯಾಂಟು ಹಿಡಿದು, ಸಾಮಾನು ಎತ್ತಿಡುವಂತೆ ಕಾಲನ್ನು ಕೈಯಿಂದಲೇ ಎತ್ತಿ ಆಚೆ ಇಟ್ಟರು. ಸೊಂಟದ ಕೀಲು ಹಿಡಿದುಕೊಂಡಿತ್ತು. ಸೀಟು ಇಳಿದದ್ದು ಬೆಟ್ಟಕ್ಕಲ್ಲ, ಆ ಕಾಲಿಗೆ.

"ಯಾರಿಗಾದ್ರೂ ತೋರಿಸಿದ್ರಾ?"

"ತೋರಿಸಿದ್ರೆ ಸೈಕಲ್ ಬಿಡಿ ಅಂತಾರೆ ಕಣಮ್ಮ."

ಇಪ್ಪತ್ತೈದು ವರ್ಷದಿಂದ ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್, ಆಗಿರುವ ಮನುಷ್ಯ! ನಮ್ಮ ಪ್ರತಿ ಹಬ್ಬದೂಟದಲ್ಲೂ "ನೋವು ಮುಚ್ಚಿಡಬೇಡಿ, ಬೇಗ ತೋರಿಸಿ" ಎಂದು ಊಟಕ್ಕಿಂತ ಮೊದಲು ಉಪದೇಶ ಬಡಿಸುವವರು.

ಅಂದು ಗೇಟು ದಾಟುತ್ತಿದ್ದ ಅವರ ಬೆನ್ನಿಗೆ ಕೂಗಿ ಕೇಳಿದ್ದಕ್ಕೆ ಬೆಲ್ ಬಾರಿಸಿ ಹೊರಟೇಬಿಟ್ಟರು. ಅದಕ್ಕೇ ಇಲ್ಲಿ ಮತ್ತೆ ಕೇಳುತ್ತಿದ್ದೇನೆ: ಅಂಕಲ್, ಇದೇ ಮಾತನ್ನು ನಿಮ್ಮ ಪೇಶೆಂಟ್ ಹೇಳಿದ್ದರೆ, ಸೀಟು ಇಳಿಸಿಕೊಳ್ಳಿ ಅನ್ನುತ್ತಿದ್ದಿರಾ?