ಅಂಚಿನ ಮೇಲೆ ಎಳೆದ ಒಂದು ಗೆರೆ

ಕೊರೋನಾ ಹಾವಳಿ ಮುಗಿದ ಮರುವರ್ಷ ನಾನು ಚಿಕ್ಕೋಡಿಯ ಒಂದು ಸಹಕಾರಿ ಸಂಘದಲ್ಲಿ ಚಿನ್ನದ ಅಪ್ರೈಸರ್ ಆಗಿದ್ದೆ. ಈ ಕೆಲಸಕ್ಕೆ ಸೇರಿ ಆಗಲೇ ಇಪ್ಪತ್ತಾರು ವರ್ಷ ತುಂಬಿತ್ತು. ಜನ ತರುವ ಒಡವೆ ಅಸಲಿಯೋ ನಕಲಿಯೋ, ಎಷ್ಟು ಕ್ಯಾರೆಟ್ಟಿನದು ಎಂದು ಬರೆದು ಸಹಿ ಹಾಕುವುದು ನನ್ನ ಹೊಣೆ. ಒರೆಗಲ್ಲಿನ ಮೇಲೆ ಒಡವೆಯನ್ನು ತುಸು ಉಜ್ಜಿದರೆ ಗೆರೆ ಮೂಡುತ್ತದೆ. ಅದರ ಮೇಲೆ ಆ್ಯಸಿಡ್ ಹನಿಸಿ, ಉಳಿಯುವ ಬಣ್ಣ ನೋಡಿ ಕ್ಯಾರೆಟ್ ಹೇಳುತ್ತೇವೆ. ದಿನಕ್ಕೆ ಮೂವತ್ತು ನಲವತ್ತು ಸಲ ಉಜ್ಜುವ ಕೈ, ಕಣ್ಣಿನ ಅಪ್ಪಣೆಗೂ ಕಾಯುವುದಿಲ್ಲ.

ಒಂದು ಸೋಮವಾರ ಮಧ್ಯಾಹ್ನ ಅಕ್ಕಾತಾಯಿ ಎಂಬ ನರ್ಸ್ ಬಂದರು. ನಮ್ಮ ಸಂಘದ ಸದಸ್ಯೆ, ಊರಿನ ದವಾಖಾನೆಯಲ್ಲಿ ಕೆಲಸ. ಜೊತೆಗೆ ಅವರ ಅಣ್ಣ ಭೀಮರಾವ, ಜುಗೂಳದಲ್ಲಿ ಹೊಲ ಮಾಡಿಕೊಂಡಿದ್ದವರು. ತಾಯಿ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಒಂದು ತಗಡಿನ ಡಬ್ಬಿ, ಅದರೊಳಗೆ ಮೆತ್ತನೆಯ ಅರಿವೆಯಲ್ಲಿ ಸುತ್ತಿದ ದೊಡ್ಡ ಹಳದಿ ನಾಣ್ಯ ಸಿಕ್ಕಿತ್ತಂತೆ.

"ಊರಾಗ ಒಬ್ರು ಹಿತ್ತಾಳಿ ಅಂದ್ರ್ರಿ, ಮ್ಯಾಲ ಬಂಗಾರದ ನೀರು ಕುಡಿಸ್ಯಾರ ಅಂತ," ಎಂದರು ಭೀಮರಾವ. "ಖರೇ ಬಂಗಾರ ಇದ್ರ ಕರಗಿಸಿ ಎರಡು ಚೈನ್ ಮಾಡಸ್ತೀವಿ. ಈಕೀಗೊಂದು, ನನಗೊಂದು. ತಕರಾರ ಇರೂದಿಲ್ಲ."

ಅವರು ಮಾತು ಮುಗಿಸುವಷ್ಟರಲ್ಲಿ ನಾನು ನಾಣ್ಯದ ಅಂಚನ್ನು ಕಲ್ಲಿಗೆ ಉಜ್ಜಿಯಾಗಿತ್ತು. ಒಂದೇ ಗೆರೆ. ಆ್ಯಸಿಡ್ ಹಾಕಿದೆ, ಗೆರೆ ಕದಲಲಿಲ್ಲ. ತೂಕ ಮೂವತ್ಮೂರು ಗ್ರಾಂಗಿಂತ ತುಸು ಹೆಚ್ಚು. ಆಮೇಲೆ ಭೂತಗನ್ನಡಿ ಕಣ್ಣಿಗೆ ಹಿಡಿದೆ. ಹಿಡಿದವನೇ ಆ್ಯಸಿಡ್ ಶೀಶೆಯನ್ನು ದೂರ ಸರಿಸಿದೆ.

ಯಾಕೆಂದು ಹೇಳಬೇಕಾದರೆ ನಿಪ್ಪಾಣಿಯ ದೋಶಿ ಕಾಕಾ ಅವರ ಬಗ್ಗೆ ಹೇಳಬೇಕು. ತಂಬಾಕು ವ್ಯಾಪಾರದಲ್ಲಿ ಹಣ್ಣಾದ ಅವರಿಗೆ ಅಮೇರಿಕದ ಹಳೆಯ ಚಿನ್ನದ ನಾಣ್ಯಗಳ ಹುಚ್ಚು. ಅದೂ ಎಂಥವು? ಹೈ ಗ್ರೇಡಿನವು ಮಾತ್ರ. ನಾಣ್ಯದ ಸ್ಥಿತಿಗೆ ಒಂದರಿಂದ ಎಪ್ಪತ್ತರವರೆಗೆ ಅಂಕ ಕೊಡುತ್ತಾರೆ. ಅರವತ್ತು ಮತ್ತು ಅದರ ಮೇಲಿನದು ಮಿಂಟ್ ಸ್ಟೇಟ್, ಅಂದರೆ ಟಂಕಸಾಲೆಯಿಂದ ಬಂದ ಮೇಲೆ ಕೈಯಿಂದ ಕೈಗೆ ಓಡಾಡದ ನಾಣ್ಯ. ಅರವತ್ತೈದು ದಾಟಿದ್ದು ಬಹಳ ಅಪರೂಪ. ಮೂವತ್ತು ವರ್ಷದಲ್ಲಿ ಅವರು ಕೂಡಿಸಿದ್ದು ಹನ್ನೊಂದೇ ನಾಣ್ಯ. ಅವುಗಳನ್ನು ತೂಗಲು ಹೋಗುತ್ತಿದ್ದ ನನಗೆ ಹೇಗೆ ಹಿಡಿಯಬೇಕು, ಎಲ್ಲಿ ಸವೆತ ಹುಡುಕಬೇಕು ಎಂದು ಕಲಿಸಿದವರೂ ಅವರೇ. ಒರೆಸಿದ, ಉಜ್ಜಿದ ನಾಣ್ಯಕ್ಕೆ ಅಂಕವೇ ಸಿಗದೆ ಹೋಗಬಹುದು ಎಂದೂ ಹೇಳಿದ್ದರು.

ನನ್ನ ಕೈಯಲ್ಲಿದ್ದುದು ಅಮೇರಿಕದ ಇಪ್ಪತ್ತು ಡಾಲರಿನ ನಾಣ್ಯ. ಪಂಜು ಹಿಡಿದು ನಡೆದು ಬರುವ ಹೆಂಗಸು, ಅವಳ ಹಿಂದೆ ಸೂರ್ಯನ ಕಿರಣ. ಇಸವಿಯ ಮೇಲೆ ಸಣ್ಣ 'ಎಸ್' ಅಕ್ಷರ, ಎಂದರೆ ಸ್ಯಾನ್‌ಫ್ರಾನ್ಸಿಸ್ಕೋದ ಟಂಕಸಾಲೆಯದು. ಮೊದಲು ಸವೆಯುವ ಅವಳ ಮೊಣಕಾಲು ನಿನ್ನೆ ಅಚ್ಚಾದಂತೆ ತುಂಬಿಕೊಂಡಿತ್ತು. ಅಂಚಿನಲ್ಲಿ ಮಾತ್ರ ಒಂದು ಅಕ್ಷರದ ತಲೆ ಚಪ್ಪಟೆಯಾಗಿ ಮಿನುಗುತ್ತಿತ್ತು. ಅದು ನನ್ನ ಕೆಲಸ.

ಅಣ್ಣತಂಗಿ ಏನನ್ನೂ ಗಮನಿಸಿರಲಿಲ್ಲ. "ಖರೇ ಬಂಗಾರ" ಎಂದಷ್ಟೇ ಹೇಳಿದ್ದರೆ ಅವರು ಎದ್ದು ಅಕ್ಕಸಾಲಿಗನ ಹತ್ತಿರ ಹೋಗುತ್ತಿದ್ದರು. ಮೂಸೆಯಲ್ಲಿ ನಾಣ್ಯ ಕರಗುತ್ತಿತ್ತು, ಅದರೊಂದಿಗೆ ನನ್ನ ತಪ್ಪೂ ಕರಗುತ್ತಿತ್ತು. ಆ ಯೋಚನೆ ನನಗೆ ಬಂದಿತ್ತು. ಸುಳ್ಳು ಹೇಳುವುದಿಲ್ಲ, ಅದು ಸಾಕಷ್ಟು ಹೊತ್ತು ಕೂತಿತ್ತು ಕೂಡ. ನೀರು ಕುಡಿದು ಬಂದೆ.

"ಸಿಸ್ಟರ್, ಇದನ್ನ ಕರಗಿಸಬ್ಯಾಡ್ರಿ. ಇದರ ಕಿಮ್ಮತ್ತು ತೂಕದಾಗ ಇಲ್ಲ. ಮತ್ತ ನಾನೊಂದು ತಪ್ಪು ಮಾಡೀನಿ," ಎಂದು ಎಲ್ಲವನ್ನೂ ಹೇಳಿ, ಭೂತಗನ್ನಡಿಯಲ್ಲಿ ಗೆರೆ ತೋರಿಸಿದೆ.

ಭೀಮರಾವ ಎದ್ದು ನಿಂತರು. "ಇಷ್ಟ ತಿಳಿದಾಂವ್ರು ಮುಟ್ಟೂ ಮುಂದ ಒಂದ್ ಮಾತು ಕೇಳಬೇಕಿಲ್ಲೋ?"

ಅಕ್ಕಾತಾಯಿ ಅಣ್ಣನ ತೋಳು ಹಿಡಿದು ಕೂರಿಸಿದರು.

ಮರುದಿನ ರಜೆ ಹಾಕಿ ಮೂವರೂ ಬಸ್ಸಿನಲ್ಲಿ ನಿಪ್ಪಾಣಿಗೆ ಹೋದೆವು. ಭೀಮರಾವ ನನ್ನಿಂದ ದೂರ, ಹಿಂದಿನ ಸೀಟಿನಲ್ಲಿ ಕೂತರು. ದೋಶಿ ಕಾಕಾ ಟೇಬಲ್ ದೀಪದ ಕೆಳಗೆ ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಂಚಿನ ಆ ಜಾಗ ಬಂದಾಗ ಕೈ ನಿಂತಿತು.

"ಮುಖಕ್ಕ ಅರವತ್ತಾರು ಕೊಡಬಹುದು. ಇಂಥಾದ್ದು ನನ್ನ ಹತ್ರಾನೂ ಇಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಏನ್ ಮಾಡಿದ್ಯೋ ಮಾರಾಯಾ," ಎಂದರು, ಬೈಗುಳಕ್ಕಿಂತ ಮೆಲ್ಲಗೆ.

ಗೆರೆ ಇರುವ ನಾಣ್ಯ ಅವರ ಸಂಗ್ರಹಕ್ಕೆ ಸಲ್ಲುವುದಿಲ್ಲ. ಆದರೂ ಚಿನ್ನದ ಬೆಲೆಗಿಂತ ಹೆಚ್ಚಿಗೆ ಕೊಳ್ಳುವವರಿದ್ದಾರೆ ಎಂದರು. ಕಡಿಮೆಯಾದ ಬೆಲೆಯನ್ನು ನಾನು ತುಂಬಿಕೊಡುವೆನೆಂದೆ. ಅಕ್ಕಾತಾಯಿ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರು ಭೂತಗನ್ನಡಿಯ ಮೇಲೆ ಬಗ್ಗಿದ್ದರು.

"ಕಾಕಾ, ಈ ಹೆಣ್ಮಗಳು ಯಾರ್ರಿ?"

"ಸ್ವಾತಂತ್ರ್ಯದ ಗುರುತು ಅವ್ವಾ. ಕೈಯಾಗ ಪಂಜು, ಇನ್ನೊಂದ್ರಾಗ ಆಲಿವ್ ಟೊಂಗಿ."

"ನಮ್ಮ ಆಯಿ ಇಕೀನ್ನ ಡಾಕ್ಟರಬಾಯಿ ಅಂತಿದ್ಲು," ಎಂದರು ಅಕ್ಕಾತಾಯಿ.

ಆಯಿ ಎಂದರೆ ಅವರ ಅಜ್ಜಿ, ತಾಯಿಯ ತಾಯಿ; ಚಿಕ್ಕಂದಿನಲ್ಲಿ ಕೇಳಿ ಮರೆತಿದ್ದ ಕಥೆ, ಚಿತ್ರ ದೊಡ್ಡದಾಗಿ ಕಂಡಾಗ ಅಕ್ಕಾತಾಯಿಗೆ ನೆನಪಾಗಿತ್ತು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ರಾಜ್ಯದ ಗಡಿಯಾಚೆಯ ಒಂದು ದವಾಖಾನೆಯಲ್ಲಿ ಹೆರಿಗೆ ಕೋಣೆಯ ಆಯಾ ಆಗಿದ್ದವರು. ಅಲ್ಲಿದ್ದ ಅಮೇರಿಕದ ಲೇಡಿ ಡಾಕ್ಟರ್ ತಮ್ಮ ದೇಶಕ್ಕೆ ಮರಳುವಾಗ ಇದನ್ನು ಕೊಟ್ಟಿದ್ದರಂತೆ. ಓದು ಬಾರದ ಅಜ್ಜಿ, ನಾಣ್ಯದ ಮೇಲಿರುವುದು ಆ ಡಾಕ್ಟರೇ, ಕಂದೀಲು ಹಿಡಿದು ಯಾರದೋ ಮನೆಗೆ ಹೆರಿಗೆ ಮಾಡಿಸಲು ಹೊರಟಿದ್ದಾರೆ ಎಂದು ನಂಬಿದ್ದರು. ಹಸಿವಿನ ವರ್ಷಗಳಲ್ಲೂ ಅದನ್ನು ಮಾರಿರಲಿಲ್ಲ. ಬರಿಗೈಯಲ್ಲಿ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಅರವತ್ತಾರು ಅಂಕ ಎಲ್ಲಿಂದ ಬಂತೆಂದು ನನಗೆ ಆಗ ತಿಳಿಯಿತು.

ಭೀಮರಾವ ಭೂತಗನ್ನಡಿ ಈಸಿಕೊಂಡು ಬಹಳ ಹೊತ್ತು ನೋಡಿದರು. ನಂತರ ನಾಣ್ಯವನ್ನು ತಾವೇ ಅರಿವೆಯಲ್ಲಿ ಸುತ್ತಿದರು.

"ಮಾರೂದು ಬ್ಯಾಡ. ಒಂದು ವರ್ಷ ನಿನ್ನ ಕಡೆ ಇರ್ಲಿ, ಒಂದು ವರ್ಷ ನನ್ನ ಕಡೆ," ಎಂದು ತಂಗಿಗೆ ಹೇಳಿದರು. ನನಗೆ ಹೇಳಿದ್ದು ಬಸ್ ಸ್ಟ್ಯಾಂಡಿನಲ್ಲಿ, ಚಹಾ ಮುಂದಿಟ್ಟು: "ಸಾಹೇಬ್ರ, ನಿಮ್ಮ ರೊಕ್ಕ ಬ್ಯಾಡ್ರಿ. ನೀವು ಬಾಯಿ ಬಿಡದಿದ್ರ ಇಷ್ಟೊತ್ತಿಗೆ ನಾವ ಅದನ್ನ ಕರಗಿಸಿ ಬಿಟ್ಟಿರ್ತಿದ್ವಿ."

ಅವರು ಕ್ಷಮಿಸಿದರು. ಗೆರೆ ಮಾತ್ರ ಅಲ್ಲೇ ಇದೆ. ಒರೆಗಲ್ಲು ಚಿನ್ನದ ಶುದ್ಧತೆ ಹೇಳುತ್ತದೆ, ಅದನ್ನು ಯಾರು ಹೇಗೆ ಕಾಪಾಡಿಕೊಂಡು ಬಂದರು ಎಂಬುದನ್ನು ಹೇಳುವುದಿಲ್ಲ. ಅದನ್ನು ತಂದವರನ್ನೇ ಕೇಳಬೇಕು. ಅಂದಿನಿಂದ ನಾನು ಯಾವ ಒಡವೆಯನ್ನೂ ಕೇಳದೆ ಕಲ್ಲಿಗೆ ಹಚ್ಚಿಲ್ಲ. ಎದುರಿಗಿದ್ದವರನ್ನು ಕೂರಿಸಿ, "ಇದು ಯಾರದಿತ್ರಿ?" ಎನ್ನುತ್ತೇನೆ. ಕೆಲವರು ಕಾಲು ಗಂಟೆ ಹೇಳುತ್ತಾರೆ. ಸಾಲು ಬೆಳೆಯುತ್ತದೆ, ಮ್ಯಾನೇಜರರು ಗೊಣಗುತ್ತಾರೆ. ಗೊಣಗಲಿ.