ಗೋಡೆಯಿಂದ ಇಳಿದ ಸೈಕಲ್ಲು

ನಮ್ಮಣ್ಣನ ಬಲಗಾಲಿನ ಮೀನಖಂಡದ ಒಳಮಗ್ಗುಲಲ್ಲಿ ಸೈಕಲ್ ಚೈನಿನ ಕಪ್ಪು ಹಲ್ಲುಗುರುತು ಯಾವಾಗಲೂ ಇರುತ್ತಿತ್ತು. ಸ್ನಾನ ಮಾಡಿ ಬಂದರೂ ಅದು ಪೂರ್ತಿ ಹೋಗುತ್ತಿರಲಿಲ್ಲ. ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿಕೊಂಡು ಮೊಳಕಾಲ್ಮೂರಿನಿಂದ ರಾಂಪುರದವರೆಗೆ ತುಳಿಯುವವನು ಅವನು. ಅಲ್ಲಿ ದನದ ಆಸ್ಪತ್ರೆಯ ನಲ್ಲಿಯಲ್ಲಿ ಮುಖ ತೊಳೆದು, ಮಡಿಕೆ ಬಿಚ್ಚಿ, ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ ಮೇಲೆಯೇ ಅವನು ಡಾಕ್ಟರಾಗುತ್ತಿದ್ದದ್ದು. ನಾನು ಅದೇ ಊರಿನ ಶಾಲೆಯಲ್ಲಿ ಟೀಚರು. ಬಸ್ಸಿನಲ್ಲಿ ಹೋಗುತ್ತಿದ್ದೆ. ಬೆಳಿಗ್ಗೆ ನಮ್ಮ ಬಸ್ಸು ಅವನನ್ನು ಹಿಂದೆ ಹಾಕುವಾಗ ಕಿಟಕಿಯಿಂದ ಕೈ ಬೀಸಿದರೆ, ಅವನು ತಿರುಗಿ ನೋಡದೆ ಎಡಗೈಯನ್ನು ಒಂದಿಷ್ಟು ಎತ್ತುತ್ತಿದ್ದ. ಅಷ್ಟೇ ನಮ್ಮ ಅಣ್ಣತಂಗಿ ಪ್ರೀತಿ.

ನೆಂಟರಿಗೆಲ್ಲ ಇದು ನುಂಗಲಾರದ ತುತ್ತಾಗಿತ್ತು. ಡಾಕ್ಟರು ಅಂದಮೇಲೆ ಕಾರು ಬೇಡವೇ, ಹೋಗಲಿ ಒಂದು ಬೈಕಾದರೂ ಬೇಡವೇ? ಅವನು ನಕ್ಕು ಸುಮ್ಮನಾಗುತ್ತಿದ್ದ. ಮಾತು ಕಡಿಮೆ. ರೈತರೊಂದಿಗೂ ಹಾಗೆಯೇ. ಯಾರಾದರೂ ಎತ್ತನ್ನೋ ಟಗರನ್ನೋ ಹಿಡಿದುಕೊಂಡು ಬಂದು ಕಷ್ಟ ಹೇಳತೊಡಗಿದರೆ, "ಮೊದ್ಲು ನಡ್ಸು, ಆಮೇಲ್ ಮುಟ್ತೀನಿ" ಅನ್ನುತ್ತಿದ್ದ. ಪ್ರಾಣಿಯನ್ನು ತನ್ನೆದುರು ಹೋಗಿ ಬರುವಂತೆ ನಡೆಸಿ, ತಾನು ಕುಕ್ಕರುಗಾಲಿನಲ್ಲಿ ಕೂತು, ಅದರ ಹಿಂಗಾಲು ಮುಂಗಾಲುಗಳನ್ನು ನೋಡುತ್ತಿದ್ದ. ಅರ್ಧ ಕಾಯಿಲೆ ನಡಿಗೆಯಲ್ಲೇ ಗೊತ್ತಾಗುತ್ತದೆ ಎಂಬುದು ಅವನ ನಂಬಿಕೆ.

ಅವನ ಹತ್ತಿರ ಎರಡು ಸೈಕಲ್ಲುಗಳಿದ್ದವು. ಒಂದು ಕಾಲೇಜಿನ ಕಾಲದ ಕರಿ ಸೈಕಲ್ಲು. ಕ್ಯಾರಿಯರು, ಸ್ಟ್ಯಾಂಡು, ಗಂಟೆ, ಎಲ್ಲ ಇದ್ದ ಸಂಸಾರಸ್ಥ ಸೈಕಲ್ಲು. ಇನ್ನೊಂದನ್ನು ಬೆಂಗಳೂರಿನಿಂದ ತಂದಿದ್ದ. ನೀಲಿ ಬಣ್ಣದ್ದು, ಬೆರಳಗಲದ ಟೈರು, ಬಗ್ಗಿ ಹಿಡಿಯುವ ಹ್ಯಾಂಡಲ್ಲು, ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರ. ಅದರ ಬೆಲೆ ಕೇಳಿ ಅವ್ವ ಎರಡು ದಿನ ಅವನೊಂದಿಗೆ ಮಾತು ಬಿಟ್ಟಿದ್ದಳು. ಮೂರನೆಯ ದಿನ ಮಾತಾಡಿದ್ದೂ ಬೈಯುವುದಕ್ಕೇ: "ಸೊಸೆ ತಾರೋ ಅಂದ್ರೆ ಸೈಕಲ್ ತಂದೀಯಲ್ಲೋ!"

ಮದುವೆಯ ಮಾತನ್ನು ಅವನು ಪ್ರತಿಸಲ ಹೇಗೆ ಮುಂದಕ್ಕೆ ತಳ್ಳುತ್ತಿದ್ದನೋ, ಆ ಸೈಕಲ್ಲನ್ನೂ ಹಾಗೆಯೇ ಮುಂದಕ್ಕೆ ತಳ್ಳಿದ. ಹಿಂದೆ ಅವ್ವನ ಮಗ್ಗವಿದ್ದ ಕೋಣೆಯಲ್ಲಿ ಗೋಡೆಗೆ ಎರಡು ಗೂಟ ಹೊಡೆದು ಅದನ್ನು ನೇತುಹಾಕಿ, ಮೇಲೆ ಹಳೆಯ ದುಪ್ಪಟಿ ಹೊದಿಸಿದ. ಭಾನುವಾರ ಬೆಳಿಗ್ಗೆ, ಗಾಳಿ ಇಲ್ಲದಿದ್ದರೆ, ಮಳೆ ಬಂದಿರದಿದ್ದರೆ, ಅದನ್ನು ಇಳಿಸಿ ಊರಾಚೆಯ ತಿರುವಿನ ತನಕ ಹೋಗಿ ಬಂದು, ಒರೆಸಿ, ಮತ್ತೆ ಗೋಡೆಗೆ ಏರಿಸುತ್ತಿದ್ದ. ಕೆಲಸಕ್ಕೆ ಅದರಲ್ಲಿ ಹೋಗಬಾರದೇ ಎಂದು ನಾನು ಕೇಳಿದರೆ ಅವನ ಬಳಿ ಕಾರಣಗಳು ಸಿದ್ಧವಾಗಿರುತ್ತಿದ್ದವು. ದಾರಿಯುದ್ದಕ್ಕೂ ಬಳ್ಳಾರಿ ಜಾಲಿ, ಅದರ ಮುಳ್ಳು ತಾಗಿದರೆ ಆ ಟೈರು ಅಲ್ಲಿಗೆ ಮುಗಿಯಿತು. ಆಸ್ಪತ್ರೆಯ ಅಂಗಳದಲ್ಲಿ ನಿಲ್ಲಿಸಿದರೆ ಬಂದವರೆಲ್ಲ ಗೇರು ತಿರುಗಿಸಿ ನೋಡುತ್ತಾರೆ. ಲಾರಿಯವರು ಧೂಳೆಬ್ಬಿಸುತ್ತಾರೆ. ಕಳ್ಳರು ಬೇರೆ. ಎಲ್ಲವೂ ನಿಜವಾದ ಕಾರಣಗಳೇ. ಆದರೂ ಒಂದು ಸೈಕಲ್ಲು ದಿನವೂ ಬಿಸಿಲಲ್ಲಿ ದುಡಿದು ಇನ್ನೊಂದು ದುಪ್ಪಟಿ ಹೊದ್ದು ಮಲಗಿರುವುದು ನನಗೆ ನಗು ತರಿಸುತ್ತಿತ್ತು. "ಅದಕ್ಕೂ ಟೈಮ್ ಬರುತ್ತೆ ಬಿಡು" ಅನ್ನುತ್ತಿದ್ದ.

ಒಂದು ಸಂಜೆ, ನಾನು ತವರಿಗೆ ಹೋಗಿದ್ದಾಗ, ನನ್ನನ್ನು ಮನೆಯ ಹಿಂದಿನ ಓಣಿಗೆ ಕರೆದ. ನನ್ನ ಗಂಡನ ಮನೆ ಇರುವುದು ಪಕ್ಕದ ಬೀದಿಯಲ್ಲೇ, ಹಾಗಾಗಿ ದಿನಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿ ಬರುವುದು ನನ್ನ ರೂಢಿ.

"ನೀನ್ ಇಲ್ಲೇ ನಿಂತ್ಕೋ. ನಾನು ಆ ನಲ್ಲಿ ತಂಕ ನಡ್ದು ಬರ್ತೀನಿ. ಹಿಂದಿಂದ ನೋಡಿ ಹೇಳು."

"ಮೇವು ಹಾಕ್ಲಾ?" ಅಂದೆ.

ಅವನು ನಗಲಿಲ್ಲ. ನಡೆದ. ಚಪ್ಪಲಿಯ ಸದ್ದಷ್ಟೇ ಕೇಳುತ್ತಿತ್ತು. ಎಡಗಾಲು ಸದ್ದಿಲ್ಲದೆ ಮುಂದೆ ಹೋಗುತ್ತಿತ್ತು. ಬಲಗಾಲಿನ ಚಪ್ಪಲಿಯ ತುದಿ ಮಾತ್ರ ಪ್ರತಿ ಹೆಜ್ಜೆಗೂ ನೆಲ ಗೀರಿ ಸರ್ ಅನ್ನುತ್ತಿತ್ತು. ಕಾಲನ್ನು ಎತ್ತಲು ಅವನು ಸೊಂಟವನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದ. ಇಷ್ಟು ದಿನ ನಾನು ಅದನ್ನು ನೋಡಿಯೇ ಇರಲಿಲ್ಲ. ದಿನವೂ ಬಸ್ಸಿನಿಂದ ನನಗೆ ಕಂಡದ್ದು ಅವನ ಬೆನ್ನು, ಮನೆಯಲ್ಲಿ ಕಂಡರೆ ಕೂತಿರುತ್ತಿದ್ದ.

"ಯಾವ್ ಕಾಲು?" ಎಂದು ಬಂದು ಕೇಳಿದ.

"ಬಲಗಾಲು."

"ಹ್ಞೂಂ. ನಂಗೂ ಹಂಗೇ ಅನ್ಸಿತ್ತು."

"ಎತ್ತಾಗಿದ್ರೆ ಏನ್ ಮಾಡ್ತಿದ್ದೆ ಅಣ್ಣ?"

"ಗೊರಸು ನೋಡ್ತಿದ್ದೆ. ಮುಳ್ಳೋ ಕಲ್ಲೋ ಸಿಕ್ಕಿರ್ತೈತೆ. ಗೊರಸಲ್ಲೇ ಇದ್ರೆ ಪುಣ್ಯ."

ಗೊರಸಿನಲ್ಲಿ ಇರಲಿಲ್ಲ. ಅವ್ವನಿಗೆ ಟ್ರೈನಿಂಗು ಎಂದು ಸುಳ್ಳು ಹೇಳಿ ನಾವಿಬ್ಬರೂ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋದೆವು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅಲ್ಲಿನ ಡಾಕ್ಟರು ಮೆತ್ತಗೆ ವಿವರಿಸಿದರು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಒಣಗುವ ಕಾಯಿಲೆ. ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಉಸಿರಾಟ. ತಡೆಯುವ ಔಷಧಿ ಇಲ್ಲ. ಅಣ್ಣ ಒಂದೇ ಪ್ರಶ್ನೆ ಕೇಳಿದ:

"ಸೈಕಲ್ ತುಳೀಬಹುದಾ ಸಾರ್?"

ಆಯಾಸ ಮಾಡಿಕೊಳ್ಳದೆ, ಬೀಳದಂತೆ ನೋಡಿಕೊಂಡು, ಆಗುವಷ್ಟು ದಿನ ತುಳಿಯಿರಿ ಎಂದರು. ಎಷ್ಟು ದಿನ ಆಗಬಹುದು ಎಂದು ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಊರಿನ ಬಸ್ಸು ಹತ್ತಿದೆವು. ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಟೀ ಕುಡಿಯುವಾಗ, "ಅವ್ವಂಗೆ ನಾನೇ ಹೇಳ್ತೀನಿ, ನೀನ್ ಬಾಯ್ ಬಿಡಬ್ಯಾಡ" ಅಂದ. ನಾನು ತಲೆಯಾಡಿಸಿದೆ. ಅಳು ಬಂದರೆ ಸುತ್ತಲಿನವರು ನೋಡುತ್ತಾರೆಂದು ಬಿಸಿ ಟೀಯನ್ನು ಒಂದೇ ಸಲಕ್ಕೆ ಕುಡಿದು ನಾಲಿಗೆ ಸುಟ್ಟುಕೊಂಡೆ.

ಸೋಮವಾರ ಬೆಳಿಗ್ಗೆ, ಶಾಲೆಗೆ ಹೊರಡುವ ಮೊದಲು ನಾನು ಅಲ್ಲಿಗೆ ಹೋದಾಗ, ಅವನು ನೀಲಿ ಸೈಕಲ್ಲನ್ನು ಗೋಡೆಯಿಂದ ಇಳಿಸಿ ಅಂಗಳಕ್ಕೆ ತಂದ. ಬುತ್ತಿ ಕಟ್ಟಿಕೊಡುತ್ತಿದ್ದ ಅವ್ವ ದಂಗಾದಳು.

"ಲೇ, ಕೆಲ್ಸಕ್ಕೆ ಇದ್ರಾಗ್ ಹೋಗ್ತೀಯಾ? ಮುಳ್ಳು ಚುಚ್ಚುತ್ತೆ ಅಂತ ನೀನೇ ಬಾಯ್ ಬಡ್ಕೋತಿದ್ದಲ್ಲೋ. ಹೊಸ್ದು ಹಾಳಾಗ್ತೈತೆ, ಒಳಗಿಡು."

"ಆಗ್ಲಿ ಬಿಡವ್ವ."

"ಆಗ್ಲಿ ಬಿಡು ಅನ್ನಾಕೆ ದುಡ್ಡೇನು ಗಿಡದಾಗ್ ಬಿಟ್ಟಿತ್ತೇನೋ?"

ಅಣ್ಣ ಸ್ವಲ್ಪ ಹೊತ್ತು ಸೀಟನ್ನು ಒರೆಸಿದ. ಆಮೇಲೆ ಕೇಳಿದ: "ಅವ್ವಾ, ನಿನ್ ಸೀರೆ ನೆನಪೈತಾ?"

ಆ ಸೀರೆಯ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಪ್ಪ ತೀರಿಹೋದ ಮೇಲೆ ಅವ್ವ ಮಗ್ಗದಲ್ಲಿ ಕೂತು ನಮ್ಮಿಬ್ಬರನ್ನೂ ಓದಿಸಿದವಳು. ಊರವರ ಮದುವೆಗೆಲ್ಲ ರೇಷ್ಮೆ ಸೀರೆ ನೇಯ್ದವಳು ತನಗೆಂದು ನೇಯ್ದುಕೊಂಡದ್ದು ಒಂದೇ ಒಂದು. ಹಸಿರು ಒಡಲು, ಕೆಂಪು ಅಂಚು, ಸೆರಗಿನ ತುಂಬ ಜರಿ. ಹಬ್ಬಕ್ಕೂ ಉಡಲಿಲ್ಲ, ಗೃಹಪ್ರವೇಶಕ್ಕೂ ಉಡಲಿಲ್ಲ. ವರ್ಷಕ್ಕೊಮ್ಮೆ ಬಿಚ್ಚಿ ಮಡಿಕೆ ಬದಲಿಸಿ ಎಂದು ಊರಿಗೆಲ್ಲ ಬುದ್ಧಿ ಹೇಳುವ ಅವಳು, ಧೂಳಾಗುತ್ತದೆಂದು ತನ್ನ ಸೀರೆಯನ್ನು ಮಾತ್ರ ಟ್ರಂಕಿನಿಂದ ತೆಗೆಯಲೇ ಇಲ್ಲ. ನನ್ನ ಮದುವೆಯ ದಿನ ಉಡಲೆಂದು ಕೊಡವಿದಾಗ ಅದು ಮಡಿಕೆ ಮಡಿಕೆಗೂ ಹರಿದು ಕೈಯಲ್ಲಿ ಪಟ್ಟಿಪಟ್ಟಿಯಾಗಿ ಬಂತು. ಅವತ್ತು ಅವ್ವ ಹತ್ತಿ ಸೀರೆಯಲ್ಲೇ ನನ್ನನ್ನು ಮದುವೆ ಮಾಡಿಕೊಟ್ಟಳು.

ಅವ್ವನ ಮುಖ ಸಣ್ಣದಾಯಿತು. "ಅಂಥ ಮಾತ್ ಯಾಕಪ್ಪ ಈಗ?" ಅಂದಳು. ಅಣ್ಣ ಜಗುಲಿಯ ಕಟ್ಟೆಗೆ ಕಾಲೂರಿ ಸೈಕಲ್ ಹತ್ತಿ ಹೊರಟುಬಿಟ್ಟ. ಅವನು ತಿರುವು ದಾಟಿದ ಮೇಲೆ ಅವ್ವ ನನ್ನ ಕಡೆ ತಿರುಗಿದಳು. "ಅವ್ನಿಗೇನೋ ಆಗೈತೆ. ನಿಂಗ್ ಗೊತ್ತೈತೆ, ಹೇಳು." ಅವನೇ ಹೇಳುತ್ತಾನೆ ಅನ್ನಲು ಬಾಯಿ ತೆರೆದೆ, ಅಳು ನುಗ್ಗಿ ಬಂತು. ಅವಳಿಗೆ ಅಷ್ಟು ಸಾಕಾಯಿತು.

ಮಾರನೆಯ ದಿನ ನಾನು ಬೇಗ ಹೋದೆ. ಸೈಕಲ್ಲು ಆಗಲೇ ಅಂಗಳದಲ್ಲಿತ್ತು. ಅವ್ವನೇ ಅದನ್ನು ಗೋಡೆಯಿಂದ ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕಟ್ಟೆಗೆ ಒತ್ತಿ ಹಿಡಿದುಕೊಂಡು ನಿಂತಿದ್ದಳು. ಅಣ್ಣ ಬಲಗಾಲನ್ನು ಕೈಯಿಂದ ಎತ್ತಿ ಆಚೆ ದಾಟಿಸುವವರೆಗೆ ಎರಡೂ ಕೈಯಲ್ಲಿ ಸೀಟು ಹಿಡಿದಿದ್ದು, ಆಮೇಲೆ ಬಿಟ್ಟಳು. ಅಂದಿನಿಂದ ದಿನವೂ ಹಾಗೆಯೇ. ಇಬ್ಬರೂ ಆ ಕಾಯಿಲೆಯ ಹೆಸರೆತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ರಾಂಪುರದಲ್ಲಿ ಡಾಕ್ಟ್ರಿಗೆ ಶೋಕಿ ಹತ್ತಿದೆ ಎಂದು ಜನ ಆಡಿಕೊಂಡರು. ಕುರಿ ಮೇಯಿಸುವ ಮುದುಕನೊಬ್ಬ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, "ಸ್ಟ್ಯಾಂಡ್ ಲೇದಾ ಸಾರ್?" ಎಂದು ತೆಲುಗು ಬೆರೆಸಿ ಕೇಳಿದನಂತೆ. ಇಲ್ಲ ಎಂದಾಗ, "ಸ್ಟ್ಯಾಂಡೂ ಇಲ್ಲ, ಕ್ಯಾರಿಯರೂ ಇಲ್ಲ, ನಿಮ್ಗೆ ಬಲು ಚೆನ್ನಾಗಿ ಟೋಪಿ ಹಾಕಿದಾರೆ" ಎಂದು ಮರುಗಿದನಂತೆ. ಇದನ್ನು ಹೇಳಿಕೊಂಡು ಅಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ. ಇನ್ನೊಂದು ದಿನ ಇಂಜೆಕ್ಷನ್ನಿಗೆ ಬೆದರಿದ ಎಮ್ಮೆಯೊಂದು ಹಗ್ಗ ಕಿತ್ತುಕೊಂಡು ಓಡಿ ಸೈಕಲ್ಲನ್ನು ಕೆಡವಿ, ಕೊಂಬಿನಲ್ಲಿ ನೀಲಿ ಬಣ್ಣವನ್ನು ಉದ್ದಕ್ಕೆ ಕೆರೆದುಹಾಕಿತು. ಎಮ್ಮೆಯವನು ಕೈ ಮುಗಿದ. ಮುರಿದ ಪೆಡಲು ನೋಡುವ ಮೊದಲು ಅಣ್ಣ ಎಮ್ಮೆಯ ಕಾಲು ನೋಡಿದ. ಗಾಯವಿಲ್ಲ ಎಂದು ಖಾತ್ರಿಯಾದ ಮೇಲೆ ಸೈಕಲ್ಲಿನ ಗೀರಿನ ಮೇಲೆ ಬೆರಳಾಡಿಸಿ, "ಈಗ ಇದು ನಂದಾಯ್ತು" ಅಂದನಂತೆ.

ನನಗೆ ಮಾತ್ರ ಆ ದಿನಗಳು ನರಕ. ಬಸ್ಸು ಊರು ಬಿಟ್ಟ ಕೂಡಲೇ ಕಿಟಕಿಗೆ ಹಣೆ ಒತ್ತಿ, ಅವನ ಬೆನ್ನು ಕಾಣುವ ತನಕ ರಸ್ತೆಯನ್ನೇ ನೋಡುತ್ತ ಕೂರುತ್ತಿದ್ದೆ. ಎಲ್ಲಿ ಬಿದ್ದಿದ್ದಾನೋ ಎಂಬ ಭಯ. ಕಂಡರೆ ಸಿಟ್ಟು. ಇಷ್ಟು ವರ್ಷ ಗೋಡೆಗೆ ನೇತುಹಾಕಿದ್ದನ್ನು, ಕಾಲು ಗಟ್ಟಿ ಇದ್ದಾಗ ತುಳಿಯದೆ, ಈಗ ನಮ್ಮ ಜೀವ ತಿನ್ನಲು ತುಳಿಯುತ್ತಾನಲ್ಲ ಎಂದು. ಆದರೆ ಅವನು ಬಗ್ಗಿ ಹ್ಯಾಂಡಲ್ ಹಿಡಿದು, ಬೆಳಗಿನ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಹೋಗುತ್ತಿದ್ದುದನ್ನು ನೋಡಿದರೆ ಸಿಟ್ಟು ಉಳಿಯುತ್ತಿರಲಿಲ್ಲ. ನೆಲದ ಮೇಲೆ ಕುಂಟುತ್ತಿದ್ದವನು ಸೈಕಲ್ಲಿನ ಮೇಲೆ ಕುಂಟುತ್ತಿರಲಿಲ್ಲ. ಅಲ್ಲಿ ಅವನು ಮೊದಲಿನ ಅಣ್ಣನೇ.

ಕಾಲು ಪೂರ್ತಿ ಸೋಲುವ ಮೊದಲೇ ಕೈ ಸೋತಿತು. ಬ್ರೇಕು ಒತ್ತಲು ಬೆರಳುಗಳಲ್ಲಿ ಶಕ್ತಿ ಸಾಲದಾಯಿತು. ಒಂದು ಸಂಜೆ ನಾನು ಮನೆಗೆ ಬರುವ ಬಸ್ಸಿನಿಂದ ನೋಡಿದರೆ, ಅವನು ಸೈಕಲ್ಲಿನಿಂದ ಇಳಿದು ರಸ್ತೆ ಪಕ್ಕ ನಿಂತಿದ್ದ. ಬಸ್ಸು ನಿಲ್ಲಿಸಿದರು. ಕಂಡಕ್ಟರು ಸೈಕಲ್ಲನ್ನು ಟಾಪಿಗೆ ಏರಿಸಿ ಕಟ್ಟಿದರು. ಅಣ್ಣ ಬಂದು ನನ್ನ ಪಕ್ಕ ಕೂತ.

"ಗಾಳಿ ಜಾಸ್ತಿ ಇತ್ತು" ಅಂದ.

ಹೊರಗೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. "ಹೌದು, ಭಾಳ ಗಾಳಿ" ಅಂದೆ. ಅವನ ಕೈ ನನ್ನ ಬ್ಯಾಗಿನ ಮೇಲಿತ್ತು. ಚಿಕ್ಕಂದಿನಲ್ಲೂ ಹಿಡಿಯದ ಆ ಕೈಯನ್ನು ಊರು ಬರುವವರೆಗೆ ಹಿಡಿದುಕೊಂಡಿದ್ದೆ.

ಆಮೇಲಿನದು ಮಂಚದ ಮೇಲಿನ ಬದುಕು. ಮಗ್ಗದ ಕೋಣೆಯಲ್ಲೇ ಅವನ ಮಂಚ, ಎದುರಿಗೆ ಸೈಕಲ್ಲು. ರೈತರು ಮನೆಗೇ ಬರತೊಡಗಿದರು. ರಾಂಪುರದ ಕಡೆಯವರು ಆಟೋದಲ್ಲಿ ಮೇಕೆ ಹಾಕಿಕೊಂಡು ಬಂದದ್ದೂ ಉಂಟು. "ಮುಟ್ಟೋಕಾಗಲ್ಲಪ್ಪ, ನಡ್ಸಿ ತೋರ್ಸು" ಎಂದು ಬಾಗಿಲಿನಾಚೆಯ ಅಂಗಳದಲ್ಲಿ ನಡೆಸಿ, ಮಲಗಿದಲ್ಲಿಂದಲೇ ನೋಡಿ, ಏನು ಮಾಡಬೇಕೆಂದು ಹೇಳುತ್ತಿದ್ದ. ಮಾತೂ ತೊದಲತೊಡಗಿದ ಮೇಲೆ ಅವನು ಹೇಳಿದ್ದನ್ನು ಅವ್ವ ಅವರಿಗೆ ಬಿಡಿಸಿ ಹೇಳುತ್ತಿದ್ದಳು. ಕೆಲವು ಸಂಜೆ ನಾನು ಹೋದಾಗ ಕಣ್ಣಿನಲ್ಲೇ ಸೈಕಲ್ಲನ್ನು ತೋರಿಸುತ್ತಿದ್ದ. ನಾನು ಹಿಂದಿನ ಚಕ್ರವನ್ನು ಎತ್ತಿ ತಿರುಗಿಸಿದರೆ ಅದು ಟಿಕಟಿಕ ಎನ್ನುತ್ತ ಬಹಳ ಹೊತ್ತು ಸುತ್ತುತ್ತಿತ್ತು. ಅವನು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ, ಅವ್ವ ಗಂಜಿ ಆರಿಸುತ್ತಿದ್ದಾಗ, ಅವನ ಉಸಿರು ನಿಂತಿತು. ದೊಡ್ಡವರು ನಮ್ಮನ್ನು ಸಾಕಬೇಕು, ಧೈರ್ಯ ಹೇಳಬೇಕು ಎಂದುಕೊಂಡಿರುತ್ತೇವೆ. ನನ್ನಣ್ಣ ಅದೆಲ್ಲವನ್ನೂ ಮಾಡಿದ. ಆದರೆ ನನಗೆ ತೀರಿಸಲಾಗದ ಋಣ ಬೇರೆಯದೇ. ಯಾರಿಗೂ ತೋರಿಸದ ತನ್ನ ನಡಿಗೆಯನ್ನು ಆ ಸಂಜೆ ಓಣಿಯಲ್ಲಿ ನನಗೆ ತೋರಿಸಿದನಲ್ಲ, ಆ ನಂಬಿಕೆಯ ಋಣ. ಅದನ್ನು ನೆನೆದರೆ ಈಗಲೂ ಪಾಠದ ನಡುವೆ ಎಲ್ಲಿಗೆ ನಿಲ್ಲಿಸಿದ್ದೆ ಎಂದು ಮಕ್ಕಳನ್ನೇ ಕೇಳಬೇಕಾಗುತ್ತದೆ.

ಕಾರ್ಯಗಳೆಲ್ಲ ಮುಗಿದು ಒಂದು ತಿಂಗಳಾಗಿರಬೇಕು. ಚಳ್ಳಕೆರೆಯಿಂದ ದೂರದ ನೆಂಟರೊಬ್ಬರು ಮಾತಾಡಿಸಲು ಬಂದರು. ಹೊರಡುವಾಗ ಸೈಕಲ್ಲನ್ನು ನೋಡಿ ಸಂಕೋಚದಿಂದಲೇ ಕೇಳಿದರು: "ನಮ್ಮುಡ್ಗ ಇಂಥದ್ದೇ ಬೇಕು ಅಂತಾನೆ ಅತ್ತೆ. ಡಾಕ್ಟ್ರು ಎರಡ್ ವರ್ಷ ಮಲಗೇ ಇದ್ರಲ್ಲ, ಅದಕ್ಕೂ ಮುಂಚೆ ಗೋಡೆ ಮೇಲೇ ಇತ್ತಂತೆ. ಹೊಸದ್ರಂಗೇ ಇರ್ಬೇಕು, ಅಲ್ವಾ?"

ನಾನು ಅವ್ವನ ಮುಖ ನೋಡಿದೆ. ಅವಳು ಎದ್ದು ಹೋಗಿ ಸೈಕಲ್ಲನ್ನು ಬೆಳಕಿಗೆ ಎಳೆದು, ಹಿಂದಿನ ಟೈರಿನ ಮೇಲೆ ಅಂಗೈ ಇಟ್ಟಳು. ಮುಳ್ಳು ಚುಚ್ಚಿ ತೇಪೆ ಹಾಕಿಸಿದ, ಸವೆದು ನುಣುಪಾದ ಟೈರು.

"ಇಲ್ಲಪ್ಪ, ಹೊಸದೇನಲ್ಲ" ಅಂದಳು. "ಮುಟ್ಟಿ ನೋಡು. ನನ್ ಮಗ ಇದ್ರಾಗೇನೂ ಉಳಿಸಿಲ್ಲ."